ಹೊಳೆ ಬದಿಯ ಏಳು ಸೆಂಟ್ಸ್: ಬಂಟ್ವಾಳ ತಾಲೂಕಿನ ಒಂದು ಮನೆ ಖರೀದಿ

ನನ್ನ ದೊಡ್ಡಮ್ಮನ ಮಗ 2025ರಲ್ಲಿ ನೇತ್ರಾವತಿ ಬದಿಯಲ್ಲಿ ಒಂದು ಮನೆ ತೆಗೆದುಕೊಂಡ. ಮನೆ ನೋಡುವುದು, ಕಾಗದ ಓದುವುದು, ವಕೀಲರ ಹತ್ತಿರ ಹೋಗುವುದು, ನೀರು ಎಲ್ಲಿಯ ತನಕ ಬರುತ್ತದೆ ಎಂದು ಊರವರನ್ನು ಕೇಳುವುದು, ಎಲ್ಲದಕ್ಕೂ ನಾನು ಜೊತೆಗಿದ್ದೆ. ಅಣ್ಣನ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಮಾರಿದವರ ಹೆಸರು ಬೇಡ. ತುಂಬೆ ಅಣೆಕಟ್ಟಿನಿಂದ ಮೇಲೆ, ಪಾಣೆಮಂಗಳೂರಿನಿಂದ ಕೆಳಗೆ ಅಂದರೆ ಸಾಕು, ಈ ಕಡೆಯವರಿಗೆ ಅಂದಾಜು ಸಿಗುತ್ತದೆ. ಹೆದ್ದಾರಿಗೆ ಹತ್ತಿರ, ಮಂಗಳೂರಿಗೆ ಬಸ್ಸು ಧಾರಾಳ, ಆದರೆ ಇನ್ನೂ ತೋಟ, ಗದ್ದೆ, ಹೊಳೆ ಉಳಿದುಕೊಂಡಿರುವ ಊರುಗಳು ಇವು. ಈಗ ಮಂಗಳೂರಿನಲ್ಲಿ ಬಾಡಿಗೆಗೆ ಇರುವ ತುಂಬ ಜನರ ಕಣ್ಣು ಇಲ್ಲೇ ಬಿದ್ದಿದೆ.

ಮೊದಲು ಮನೆಯವರ ವಿಷಯ. ಅಣ್ಣನಿಗೆ ಮಂಗಳೂರಿನಲ್ಲಿ ಕೆಲಸ, ಅತ್ತಿಗೆ ಬಿ.ಸಿ. ರೋಡ್ ಕಡೆ ಶಾಲೆಯಲ್ಲಿ ಟೀಚರ್. ಮಗ ಹೈಸ್ಕೂಲು. ದೊಡ್ಡಮ್ಮನಿಗೆ ವಯಸ್ಸಾಗಿದೆ, ಮಂಡಿ ನೋವು, ನಾಲ್ಕು ಮೆಟ್ಟಿಲು ಹತ್ತಲೂ ಯಾರಾದರೂ ಕೈ ಹಿಡಿಯಬೇಕು. ದೊಡ್ಡಮ್ಮನ ಈ ಮಂಡಿ ನೋವೇ ಮುಂದೆ ಇಡೀ ವ್ಯವಹಾರದ ದಿಕ್ಕು ಬದಲಿಸಿತು, ಅದಕ್ಕೇ ಮೊದಲೇ ಹೇಳಿದೆ.

ಮನೆ ತೋರಿಸಿದ ಬ್ರೋಕರ್ ಹೇಳಿದ್ದು ಇಷ್ಟು: 12 ಸೆಂಟ್ಸ್ (ನೂರು ಸೆಂಟ್ಸ್ ಅಂದರೆ ಒಂದು ಎಕರೆ) ಜಾಗ, ಕೆಂಪುಕಲ್ಲಿನ ಗೋಡೆ, ತಾರಸಿ, ಸುಮಾರು 1,100 ಚದರ ಅಡಿ, ಸ್ವಂತ ಬಾವಿ, ಎರಡು ಹಲಸಿನ ಮರ, ಹಿತ್ತಲಿನಿಂದ ಇಳಿದರೆ ಹೊಳೆ. ಕೇಳಿದ ಬೆಲೆ 48 ಲಕ್ಷ.

ನಾವು ಮೊದಲು ನೋಡಿದ್ದು ಮಾರ್ಚ್‌ನಲ್ಲಿ. ಹೊಳೆ ಎಷ್ಟು ಚಂದ ಇತ್ತು ಅಂದರೆ ಅತ್ತಿಗೆ ಒಳಗೆ ಕೋಣೆ ಕೂಡ ಸರಿಯಾಗಿ ನೋಡಲಿಲ್ಲ. ದಡ ಮುಟ್ಟುವಷ್ಟು ನೀರು, ಅಲೆಯೇ ಇಲ್ಲ, ದೊಡ್ಡ ಕೆರೆಯ ಹಾಗೆ. ಇಲ್ಲಿ ಒಂದು ವಿಷಯ ತಿಳಿದಿರಬೇಕು. ಅದು ಹೊಳೆಯ ಸ್ವಂತ ರೂಪ ಅಲ್ಲ. ಮಂಗಳೂರಿಗೆ ಕುಡಿಯುವ ನೀರು ಕೊಡಲು ತುಂಬೆಯಲ್ಲಿ ಕಿಂಡಿ ಅಣೆಕಟ್ಟು ಇದೆ, ಬೇಸಗೆಯಲ್ಲಿ ಅದರ ಬಾಗಿಲು ಹಾಕಿ 6 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. ಮೊದಲಿದ್ದ ಹಳೇ ಅಣೆಕಟ್ಟಿನಲ್ಲಿ ನಿಲ್ಲುತ್ತಿದ್ದದ್ದು 4 ಮೀಟರ್ ಮಾತ್ರ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಈ ಭಾಗಕ್ಕೆ ಬಂದವರಿಗೆ ಹೊಳೆ ತುಂಬಿ ಶಾಂತವಾಗಿ ಕಾಣುತ್ತದೆ. ಮಳೆಗಾಲಕ್ಕೆ ಬಾಗಿಲು ತೆಗೆಯುತ್ತಾರೆ. ಆಗ ಕಾಣುವ ಹೊಳೆಯೇ ಬೇರೆ: ಕೆಂಪು ನೀರು, ಮರದ ದಿಮ್ಮಿ, ತೆಂಗಿನಕಾಯಿ, ರಭಸ. ಬೇಸಗೆಯಲ್ಲಿ ಹೊಳೆ ನೋಡಿ ಬೆಲೆ ನಿರ್ಧಾರ ಮಾಡಬೇಡಿ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಅಣ್ಣನಿಗೆ ಅವತ್ತೇ ಮನಸ್ಸು ಕುಳಿತಿತ್ತು. ನನಗೆ ಮನೆಯ ಹಿಂಬದಿ ಸರಿ ಕಾಣಲಿಲ್ಲ. ಮುಖ್ಯ ಮನೆಯ ನೆಲಕ್ಕಿಂತ ಮೂರು ಅಡಿ ಕೆಳಗೆ, ಹಿತ್ತಲ ಕಡೆಗೆ, ಎರಡು ಕೋಣೆ ಆಮೇಲೆ ಕಟ್ಟಿದ್ದರು. ಬಣ್ಣ ಹೊಸತು. ಆದರೆ ಗೋಡೆ ಕಪಾಟಿನ ಪ್ಲೈವುಡ್ ಬಾಗಿಲು ಕೆಳಗಿನಿಂದ ಎರಡು ಅಡಿ ಉಬ್ಬಿತ್ತು, ಮುಚ್ಚಲು ಹೋದರೆ ತಾಗುತ್ತಿತ್ತು. ಸ್ವಿಚ್‌ಬೋರ್ಡ್‌ಗಳು ಆ ಎರಡು ಕೋಣೆಯಲ್ಲಿ ಮಾತ್ರ ಎದೆ ಮಟ್ಟಕ್ಕಿಂತ ಮೇಲೆ. ಹಳೇ ಬೋರ್ಡ್ ಇದ್ದ ಜಾಗದಲ್ಲಿ ಸಿಮೆಂಟ್ ಮೆತ್ತಿ ಬಣ್ಣ ಬಳಿದಿದ್ದರು, ಟಾರ್ಚ್ ಓರೆಯಾಗಿ ಹಿಡಿದರೆ ಚೌಕ ಗುರುತು ಕಾಣುತ್ತಿತ್ತು. ಕೇಳಿದಾಗ ಬ್ರೋಕರ್, "ಅದು ಮಕ್ಕಳು ಕೈ ಹಾಕ್ತಾರಂತ ಮೇಲೆ ಮಾಡಿದ್ದು" ಅಂದರು.

ಪಕ್ಕದ ತೋಟದಲ್ಲಿ ಒಬ್ಬರು ಕಾಕ ಅಡಿಕೆ ಹೆಕ್ಕುತ್ತಿದ್ದರು. ನಾವು ಬೇಲಿ ಹತ್ತಿರ ನಿಂತು ಮಾತಾಡಿಸಿದೆವು.

"ಕಾಕ, ಇಲ್ಲಿಗೆ ನೀರು ಬರ್ತದಾ?"

"ಹೊಳೆಯಿಂದ ಬರುವುದಿಲ್ಲ ಮಾರಾಯ್ರೆ. ತೋಡಿನಿಂದ ಬರ್ತದೆ."

ಇದಕ್ಕಿಂತ ದೊಡ್ಡ ಮಾಹಿತಿ ನಮಗೆ ಯಾವ ಕಚೇರಿಯಲ್ಲೂ ಸಿಗಲಿಲ್ಲ. ಮನೆಯ ಎದುರಿನ ಗುಡ್ಡೆ ಕಡೆಯಿಂದ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇಳಿದು ಬಂದು, ಮನೆಗೆ ಹೋಗುವ ರಸ್ತೆಯ ಮೋರಿ ಕೆಳಗೆ ಹಾದು, ಹೊಳೆಗೆ ಸೇರುತ್ತದೆ. ಹೊಳೆ ಉಕ್ಕಿದಾಗ ತೋಡಿನ ನೀರಿಗೆ ಹೋಗಲು ಜಾಗ ಇಲ್ಲ, ಹೊಳೆ ನೀರೇ ತೋಡಿಗೆ ಹಿಂದಕ್ಕೆ ನುಗ್ಗುತ್ತದೆ. ಮೋರಿ ಮುಳುಗುತ್ತದೆ, ರಸ್ತೆ ಮುಳುಗುತ್ತದೆ. ಮನೆಯವರು ಹಿತ್ತಲ ಕಡೆ ನಿಂತು ಹೊಳೆ ಇನ್ನೂ ಕೆಳಗಿದೆ ಅಂತ ನೋಡುತ್ತಿರುವಾಗಲೇ ಮುಂದಿನ ದಾರಿ ಮುಚ್ಚಿರುತ್ತದೆ. ಕಾಕ ತಮ್ಮ ಪಂಪ್‌ಶೆಡ್ಡಿನ ಗೋಡೆ ತೋರಿಸಿದರು. ಎರಡು ಗೆರೆ ಇದ್ದವು, ಮಸಿಯಲ್ಲಿ ಎಳೆದದ್ದು. ಕೆಳಗಿನದು 2018ರದು, ಮೇಲಿನದು 2019ರ ಆಗಸ್ಟ್‌ದು.

ಬಂಟ್ವಾಳದಲ್ಲಿ ನೇತ್ರಾವತಿಯ ಅಪಾಯದ ಮಟ್ಟ 8.5 ಮೀಟರ್. 2019ರ ಆಗಸ್ಟ್‌ನಲ್ಲಿ ಅದು 11 ಮೀಟರ್ ದಾಟಿತ್ತು, ಆಲಡ್ಕದಂಥ ತಗ್ಗು ಜಾಗಗಳಲ್ಲಿ ಮನೆಗಳೇ ಮುಳುಗಿದವು. ಹಿರಿಯರು ಇನ್ನೂ 1974ರ ನೆರೆ ನೆನಪಿಸಿಕೊಳ್ಳುತ್ತಾರೆ, ಅದಕ್ಕೂ ಹಿಂದೆ 1923ರದ್ದು. ಉಪ್ಪಿನಂಗಡಿಯಲ್ಲಿ ಕುಮಾರಧಾರ ಬಂದು ಸೇರುವುದರಿಂದ ಎರಡು ಹೊಳೆಯ ನೀರೂ ಬಂಟ್ವಾಳಕ್ಕೇ ಬರಬೇಕು. ಘಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ಇದೆಲ್ಲ ಪೇಪರಿನಲ್ಲಿ ಓದಿಯೇ ಇರುತ್ತೇವೆ, ಆದರೆ ಕೊಳ್ಳುವ ಮನೆಯ ನೆಲಕ್ಕೆ ಅದನ್ನು ಹೊಂದಿಸಿ ನೋಡುವುದಿಲ್ಲ. ನಾವು ಒಬ್ಬ ಮೇಸ್ತ್ರಿಯನ್ನು ಕರೆದು ನೀರಿನ ಪೈಪ್ ಹಿಡಿಸಿ ಲೆವೆಲ್ ನೋಡಿಸಿದೆವು. ಪಂಪ್‌ಶೆಡ್ಡಿನ 2019ರ ಗೆರೆಯಿಂದ ಮುಖ್ಯ ಮನೆಯ ನೆಲ ಸುಮಾರು ಒಂದು ಅಡಿ ಮೇಲಿತ್ತು. ಹಿಂದಿನ ಎರಡು ಕೋಣೆ ಎರಡು ಅಡಿ ಕೆಳಗೆ. ಉಬ್ಬಿದ ಕಪಾಟಿನ ಲೆಕ್ಕಕ್ಕೆ ಸರಿಯಾಗಿ ಹೊಂದಿತು.

ಈಗ ಕಾಗದದ ವಿಷಯ. ಇದು ಸ್ವಲ್ಪ ಉದ್ದ, ಆದರೆ ದಕ್ಷಿಣ ಕನ್ನಡದಲ್ಲಿ ಹಳ್ಳಿ ಕಡೆ ಮನೆ ತೆಗೆಯುವವರು ಓದಲೇಬೇಕು.

12 ಸೆಂಟ್ಸ್ ಅಂದರಲ್ವಾ, ಕನ್ವರ್ಷನ್ (ಕೃಷಿ ಜಾಗವನ್ನು ಮನೆ ಜಾಗವಾಗಿ ಬದಲಿಸಿದ) ಆದೇಶದಲ್ಲಿ ಇದ್ದದ್ದು 7 ಸೆಂಟ್ಸ್. ಪಂಚಾಯತ್‌ನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಇದ್ದದ್ದೂ ಅಷ್ಟಕ್ಕೇ. ಉಳಿದ 5 ಸೆಂಟ್ಸ್ ಕುಮ್ಕಿ. ಬಾವಿ ಇರುವುದು ಕುಮ್ಕಿಯಲ್ಲಿ, ಹಲಸಿನ ಮರ ಇರುವುದು ಕುಮ್ಕಿಯಲ್ಲಿ, ಹೊಳೆಗೆ ಇಳಿಯುವ ದಾರಿಯೂ ಅದರ ಮೇಲೇ. ಬ್ರೋಕರ್ 48 ಲಕ್ಷಕ್ಕೆ ಯಾವುದನ್ನೆಲ್ಲ ತೋರಿಸಿ ಆಸೆ ಹುಟ್ಟಿಸಿದ್ದರೋ ಅದೆಲ್ಲ ಸರಕಾರಿ ಜಾಗದಲ್ಲಿತ್ತು.

ಕುಮ್ಕಿ ಗೊತ್ತಿಲ್ಲದವರಿಗೆ: ಹಳೇ ವರ್ಗ (ಪಟ್ಟಾ) ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಸವಲತ್ತು ಕೃಷಿಕರಿಗೆ ಬ್ರಿಟಿಷರ ಕಾಲದಿಂದ ಇದೆ. ಸವಲತ್ತು ಅಷ್ಟೇ, ಒಡೆತನ ಅಲ್ಲ. ಅದನ್ನು ಮಾರಲು ಬರುವುದಿಲ್ಲ. ತಲೆತಲಾಂತರದಿಂದ ಅನುಭವಿಸಿಕೊಂಡು ಬಂದವರಿಗೆ ಅದು ತಮ್ಮದೇ ಅನಿಸುವುದು ಸಹಜ, ಮಾರಿದವರೂ ಮೋಸ ಮಾಡಬೇಕು ಅಂತ ಹೇಳಿದ್ದಲ್ಲ, ಅವರ ಅಪ್ಪ ನೆಟ್ಟ ಹಲಸು ಅದು. ಆದರೆ ಕೊಳ್ಳುವವರು ಅದಕ್ಕೆ ದುಡ್ಡು ಕೊಡಬಾರದು. ಕುಮ್ಕಿ ಆಚೆ ಹೊಳೆ ಪರಂಬೋಕು, ಅಂದರೆ ಹೊಳೆಗೆ ಸೇರಿದ ಸರಕಾರಿ ಜಾಗ, ಅದರಾಚೆ ಹೊಳೆ. ಕ್ರಯಪತ್ರದ ಮೊದಲ ಕರಡಿನಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬರೆಯುವಾಗ ಪಡುವಣಕ್ಕೆ "ನೇತ್ರಾವತಿ ನದಿ" ಅಂತ ಹಾಕಿದ್ದರು. ವಕೀಲರು ಅದನ್ನು ಹೊಡೆದು ಹಾಕಿ "ಕುಮ್ಕಿ ಸ್ಥಳ" ಅಂತ ಬರೆಸಿದರು. ನಾಳೆ ಅಳತೆಗೆ ಬಂದಾಗ ಪತ್ರದಲ್ಲಿ ಒಂದು, ನೆಲದಲ್ಲಿ ಇನ್ನೊಂದು ಆಗಬಾರದು.

ಈ 9/11 ದಾಖಲೆಗಳ ಬಗ್ಗೆ ಎರಡು ಮಾತು. ಹಳ್ಳಿಯಲ್ಲಿ ಮನೆ ತೆಗೆಯುವಾಗ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದ್ದರೆ ಬ್ಯಾಂಕಿನಲ್ಲಿ ಮಾತು ಶುರುವಾಗುತ್ತದೆ. 11ಬಿ ಮಾತ್ರ ಇದ್ದರೆ ಕನ್ವರ್ಷನ್ ಅಥವಾ ವಿನ್ಯಾಸದ (ಲೇಔಟ್) ಒಪ್ಪಿಗೆ ಎಲ್ಲೋ ಬಾಕಿ ಇದೆ ಅಂತ ಅರ್ಥ ಮಾಡಿಕೊಳ್ಳಿ, ತುಂಬ ಬ್ಯಾಂಕ್‌ಗಳು ಹಿಂದೆಮುಂದೆ ನೋಡುತ್ತವೆ. ಕನ್ವರ್ಷನ್ ಆಯ್ತು ಅಂದ ಕೂಡಲೇ 9/11 ಸಿಗುವುದಿಲ್ಲ, ಒಂದೇ ಮನೆಯ ಜಾಗವಾದರೂ ವಿನ್ಯಾಸ ಅನುಮೋದನೆ ಬೇಕು. ನಮ್ಮ ಜಿಲ್ಲೆಯಲ್ಲಿ ಅದಕ್ಕಾಗಿ ಜನ ಎಷ್ಟು ಅಲೆದಿದ್ದಾರೆ ಅಂತ ಎಲ್ಲರಿಗೂ ಗೊತ್ತು. ಈ ಮನೆಗೆ ಅದು ಮೊದಲೇ ಆಗಿತ್ತು, ಅದೊಂದು ಪುಣ್ಯ. ಪಂಚಾಯತ್ ಪರವಾನಗಿಯಲ್ಲಿ ಹಿಂದಿನ ಎರಡು ಕೋಣೆ ಮಾತ್ರ ಇರಲಿಲ್ಲ.

ಜಾಗದ ಮೂಲ ಡಿಕ್ಲರೇಶನ್. ಅಂದರೆ 1974ರ ಭೂ ಸುಧಾರಣೆ ತಿದ್ದುಪಡಿ ಆದ ಮೇಲೆ ಒಕ್ಕಲಾಗಿದ್ದವರಿಗೆ ಭೂ ನ್ಯಾಯ ಮಂಡಳಿಯಿಂದ ಸಿಕ್ಕಿದ್ದು. ಇಂಥ ಜಾಗಕ್ಕೆ 15 ವರ್ಷ ಪರಭಾರೆ (ಬೇರೆಯವರಿಗೆ ಮಾರುವುದು, ಕೊಡುವುದು) ಮಾಡಬಾರದು ಎಂಬ ನಿರ್ಬಂಧ ಇರುತ್ತದೆ, ಇದಕ್ಕೆ ಅದು ಯಾವತ್ತೋ ಮುಗಿದಿತ್ತು. ತೊಡಕು ಬೇರೆ ಕಡೆ. ಜಾಗ ಸಿಕ್ಕಿದ್ದು ಮಾರುವವರ ಅಪ್ಪನ ಹೆಸರಿಗೆ. ಅಪ್ಪ ತೀರಿಹೋದ ಮೇಲೆ ಆರ್‌ಟಿಸಿಯಲ್ಲಿ (ಪಹಣಿ) ಹೆಸರು ಬಂದದ್ದು ಊರಲ್ಲಿದ್ದ ಹಿರಿಮಗನದ್ದು ಮಾತ್ರ. ತಮ್ಮ ಗಲ್ಫ್‌ನಲ್ಲಿ, ತಂಗಿ ಮುಂಬೈಯಲ್ಲಿ. "ತಂಗಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ, ಅವಳ ಸಹಿ ಎಂತಕ್ಕೆ?" ಅಂತ ಮಾರುವವರು ಕೇಳಿದರು. ವಕೀಲರು ಸಮಾಧಾನದಲ್ಲೇ ಹೇಳಿದರು: "ಕೊಟ್ಟದ್ದು ಹೌದಾಗಿರಬಹುದು ಅಣ್ಣ. ಆದರೆ ಹಕ್ಕು ಬಿಟ್ಟ ಕಾಗದ ಉಂಟಾ?" ಇರಲಿಲ್ಲ. ಕೊನೆಗೆ ತಂಗಿ ಮುಂಬೈಯಿಂದ ರಿಜಿಸ್ಟ್ರೇಶನ್ ದಿನಕ್ಕೇ ಬಂದು ಸಹಿ ಹಾಕಿದರು. ತಮ್ಮ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಪವರ್ ಆಫ್ ಅಟಾರ್ನಿ ಕಳಿಸಿದರು. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿ ಸರಿ ಮಾಡಿಸಬೇಕು, ಇಲ್ಲದಿದ್ದರೆ ಮತ್ತೆ ತಲೆನೋವು. ಈ ಕಡೆಯ ಮನೆಗಳಲ್ಲಿ ಒಬ್ಬರಾದರೂ ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುತ್ತಾರೆ. ಹಾಗಾಗಿ ಕುಟುಂಬದಲ್ಲಿ ಎಷ್ಟು ಜನ, ಯಾರು ಎಲ್ಲಿ ಇದ್ದಾರೆ ಅಂತ ಅಡ್ವಾನ್ಸ್ ಕೊಡುವ ಮೊದಲೇ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಗೊತ್ತಾದ ಮೇಲೂ ಅಣ್ಣನಿಗೆ ಮನೆ ಬಿಡಲು ಮನಸ್ಸಿರಲಿಲ್ಲ. ಮಂಗಳೂರಿನಲ್ಲಿ ಆ ದುಡ್ಡಿಗೆ ಸಣ್ಣ ಫ್ಲಾಟ್ ಮಾತ್ರ ಬರುತ್ತಿತ್ತು. ಇಲ್ಲಿ ಅಂಗಳ ಇದೆ, ಅತ್ತಿಗೆಗೆ ಶಾಲೆ ಹತ್ತಿರ. ಆಗ ನಾನು ಹೇಳಿದ್ದು ಒಂದೇ: ಮಳೆಗಾಲ ನೋಡೋಣ. ನೀರು ಬಂದ ದಿನ ದೊಡ್ಡಮ್ಮನನ್ನು ಈ ಮನೆಯಿಂದ ಆಸ್ಪತ್ರೆಗೆ ಕರಕೊಂಡು ಹೋಗುವುದು ಹೇಗೆ, ಅದಕ್ಕೆ ಉತ್ತರ ಸಿಕ್ಕಿದರೆ ತೆಗೆದುಕೊಳ್ಳಿ. ನೆಲ ಒಂದು ಅಡಿ ಮೇಲಿದೆ ಅನ್ನುವುದು ಸಾಮಾನಿಗೆ ಸಮಾಧಾನ. ಮನೆಯೊಳಗೆ ನೀರಿಲ್ಲದೆ, ಸುತ್ತ ನೀರಿದ್ದು, ಒಳಗೆ ನಡೆಯಲಾಗದ ಒಬ್ಬರು ಜ್ವರದಲ್ಲಿ ಮಲಗಿದ್ದರೆ ಏನು ಮಾಡುವುದು? ಹೊಳೆ ಬದಿಯ ಮನೆಯಲ್ಲಿ ನೀರು ಎಲ್ಲಿಯ ತನಕ ಬರುತ್ತದೆ ಎಂಬುದರಷ್ಟೇ ಮುಖ್ಯ, ನೀರು ಬಂದಾಗ ಹೊರಗೆ ಹೋಗುವ ದಾರಿ ಯಾವುದು ಎಂಬುದು. ಕಾಗದ ಸರಿ ಮಾಡಿಸಬಹುದು, ಗೋಡೆ ಸರಿ ಮಾಡಿಸಬಹುದು. ದಾರಿ ಇಲ್ಲದಿದ್ದರೆ ಇಲ್ಲ.

ಒಂದು ಲಕ್ಷ ಅಡ್ವಾನ್ಸ್ ಕೊಟ್ಟು ಕರಾರು ಮಾಡಿಕೊಂಡೆವು. ಸೆಪ್ಟೆಂಬರ್ ಕೊನೆಯ ತನಕ ಅವಧಿ. ಹಕ್ಕಿನ ಕಾಗದ ಪೂರ್ತಿ ಆಗದಿದ್ದರೆ ಹಣ ವಾಪಸು ಅಂತ ಬರೆಸಿದೆವು. ಮಾರುವವರಿಗೂ ತಮ್ಮನ ಕಾಗದ ತರಿಸಲು ಸಮಯ ಬೇಕಿತ್ತು, ಒಪ್ಪಿದರು.

2025ರಲ್ಲಿ ಮುಂಗಾರು ಬೇಗ ಬಂತು, ಮೇ 24ಕ್ಕೇ ಕೇರಳ ಮುಟ್ಟಿತ್ತು. 2019ರಂಥ ನೀರು ಆ ವರ್ಷ ಬರಲಿಲ್ಲ. ಆದರೂ ಜೋರು ಮಳೆ ಬಂದ ಒಂದು ದಿನ ಕಾಕ ಫೋನ್ ಮಾಡಿ, "ಈಗ ಬನ್ನಿ, ನೋಡಬಹುದು" ಅಂದರು. ಮೋರಿ ಮೇಲೆ ಮೊಣಕಾಲು ಮಟ್ಟದ ನೀರು. ಬೈಕ್ ಹೋಗದು, ರಿಕ್ಷಾದವರು ಆಚೆಯೇ ನಿಲ್ಲಿಸುತ್ತಾರೆ. ಹೊಳೆ ಅಪಾಯದ ಮಟ್ಟಕ್ಕೆ ಬರುವ ಮೊದಲೇ ಇಲ್ಲಿ ದಾರಿ ಹೋಗಿತ್ತು. ಆಗ ಕಾಕ ನಮ್ಮನ್ನು ತಮ್ಮ ತೋಟದೊಳಗಿನಿಂದ ಕರಕೊಂಡು ಹೋದರು. ಅಡಿಕೆ ಸಾಲಿನ ನಡುವೆ ಕಾಲುದಾರಿ, ಏರುತ್ತಾ ಹೋಗಿ ಗುಡ್ಡೆ ಮೇಲಿನ ಕಾಂಕ್ರೀಟ್ ರಸ್ತೆಗೆ ಸೇರುತ್ತದೆ. ಎಲ್ಲೂ ನೀರಿಲ್ಲ. ಮೆಟ್ಟಿಲಿಲ್ಲ, ಇಳಿಜಾರು ಮಾತ್ರ. ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತರೆ ದೊಡ್ಡಮ್ಮನನ್ನು ಹತ್ತು ನಿಮಿಷದಲ್ಲಿ ಮೇಲೆ ತಲುಪಿಸಬಹುದು. "ನಮ್ಮ ಮನೆಯಲ್ಲೂ ಉಮ್ಮ ಇದ್ರು. 2019ರಲ್ಲಿ ಹೀಗೇ ಹೊತ್ತದ್ದು" ಅಂದರು ಕಾಕ. ಉಮ್ಮ ಅಂದರೆ ಅವರ ತಾಯಿ. ಅಣ್ಣ ತೆಗೆದುಕೊಳ್ಳುವುದು ಅಂತ ನಿರ್ಧಾರ ಮಾಡಿದ್ದು ಅಲ್ಲೇ.

ಬೆಲೆ ಮಾತಾಡಿದ್ದು ಜುಲೈಯಲ್ಲಿ, ನೀರು ಕಣ್ಣೆದುರು ಇರುವಾಗ. ಸುಮ್ನೆ ಚೌಕಾಸಿ ಮಾಡಲಿಲ್ಲ. ಏಳು ಸೆಂಟ್ಸ್ ಮತ್ತು ಮುಖ್ಯ ಮನೆ, ಇಷ್ಟಕ್ಕೆ ಬೆಲೆ ಹೇಳಿ, ಬಾವಿ ಮತ್ತು ಹಿಂದಿನ ಕೋಣೆಗೆ ನಾವು ಲೆಕ್ಕ ಹಾಕುವುದಿಲ್ಲ ಅಂದೆವು. 41 ಲಕ್ಷಕ್ಕೆ ನಿಂತಿತು. ಬ್ಯಾಂಕಿನ ವ್ಯಾಲ್ಯುವರ್ ಬಂದವರೂ ಅದನ್ನೇ ಮಾಡಿದರು, ಕುಮ್ಕಿ ಬಿಟ್ಟರು, ಪರವಾನಗಿ ಇಲ್ಲದ ಕೋಣೆ ಬಿಟ್ಟರು, 37 ಲಕ್ಷ ಹಾಕಿದರು. 30 ಲಕ್ಷ ಸಾಲ ಸಿಕ್ಕಿತು. ಮನೆ ಬೆಲೆಯ ಮೇಲೆ ಶೇಕಡಾವಾರು ಸಾಲ ಅಂತ ಲೆಕ್ಕ ಹಾಕುವವರು ಗಮನಿಸಿ: ಅದು ನೀವು ಒಪ್ಪಿದ ಬೆಲೆಯ ಮೇಲೆ ಅಲ್ಲ, ಬ್ಯಾಂಕ್ ಕಟ್ಟಿದ ಬೆಲೆಯ ಮೇಲೆ. ಇಷ್ಟು ಬೆಲೆಯ ಮನೆಗೆ ಸ್ಟಾಂಪ್, ನೋಂದಣಿ ಖರ್ಚನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದು ಕೈಯಿಂದಲೇ ಹೋಗಬೇಕು.

ಆ ಖರ್ಚು ಬಿಡಿಸಿ ಹೇಳುತ್ತೇನೆ. 41 ಲಕ್ಷಕ್ಕೆ ಸ್ಟಾಂಪ್ ಶುಲ್ಕ ಶೇ. 5, ಅಂದರೆ 2,05,000. ಆ ಶುಲ್ಕದ ಮೇಲೆ ಶೇ. 10 ಸೆಸ್ 20,500. ಗ್ರಾಮಾಂತರದಲ್ಲಿ ಶೇ. 3 ಸರ್ಚಾರ್ಜ್ 6,150. ನೋಂದಣಿ ಶುಲ್ಕ 82,000. ಒಟ್ಟು 3,13,650 ರೂಪಾಯಿ. ನಾವು ನೋಂದಣಿ ಮಾಡಿಸಿದ್ದು ಸೆಪ್ಟೆಂಬರ್‌ನಲ್ಲಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತ್ತು, ಹಾಗಾಗಿ ಕಾದದ್ದಕ್ಕೆ 41,000 ಜಾಸ್ತಿ ಹೋಯಿತು. ಅಣ್ಣ ಬೇಜಾರು ಮಾಡಿಕೊಂಡ. ಆದರೆ ಮಳೆಗಾಲ ನೋಡಿದ್ದರಿಂದ ಬೆಲೆಯಲ್ಲಿ ಇಳಿದದ್ದು ಏಳು ಲಕ್ಷ. ಆ ಕಾಲುದಾರಿ ಗೊತ್ತಾದದ್ದಕ್ಕೆ ಬೆಲೆ ಕಟ್ಟಲಾಗದು.

ಮನೆಗೆ ಬಂದ ಮೇಲೆ ಮಾಡಿಸಿದ ಕೆಲಸಗಳು ಹೆಚ್ಚೇನಿಲ್ಲ. ಹಿಂದಿನ ಕೋಣೆಗಳಲ್ಲಿ ಈಗ ಕಟ್ಟಿಗೆ, ತೆಂಗಿನಕಾಯಿ, ಸೈಕಲ್ ಮಾತ್ರ. ಇನ್ವರ್ಟರ್ ಮತ್ತು ಪಂಪಿನ ಸ್ಟಾರ್ಟರ್ ಮುಖ್ಯ ಮನೆಗೆ ಬಂತು. ಶೌಚಗುಂಡಿ ಹೊಳೆ ಕಡೆ ಇತ್ತು. ನೆರೆ ಬಂದರೆ ಮೊದಲು ಅದು ತುಂಬಿ ಉಕ್ಕುತ್ತದೆ, ಬಾವಿ ನೀರೂ ಹಾಳಾಗುತ್ತದೆ. ಅದನ್ನು ಮುಚ್ಚಿಸಿ ರಸ್ತೆ ಕಡೆ, ಎತ್ತರದ ಜಾಗದಲ್ಲಿ ಹೊಸತು ಮಾಡಿಸಿದರು. ಕುಡಿಯಲು ಪಂಚಾಯತ್ ನಳ್ಳಿ ಸಂಪರ್ಕ ಪಡೆದರು. ಕುಮ್ಕಿಯ ಬಾವಿಯ ನೀರು ಗಿಡಕ್ಕೆ, ಬಟ್ಟೆಗೆ. ಆ ಐದು ಸೆಂಟ್ಸ್‌ಗೆ ಬೇಲಿ ಹಾಕಬೇಡ ಅಂತ ವಕೀಲರು ಹೇಳಿದ್ದಾರೆ, ಹಾಕಿಲ್ಲ. ವಿಮೆ ಕೂಡ ಮಾಡಿಸಿದ. ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸಿದ್ದು ಅಣ್ಣನ ಜೀವಕ್ಕೆ, ಮನೆಗಲ್ಲ. ಮನೆಗೆ ಬೇರೆಯಾಗಿ 'ಭಾರತ್ ಗೃಹ ರಕ್ಷಾ' ಪಾಲಿಸಿ ತೆಗೆದುಕೊಂಡ. 2021ರ ಏಪ್ರಿಲ್‌ನಿಂದ ಇರುವ ಪಾಲಿಸಿ ಅದು, ನೆರೆಯ ನಷ್ಟವೂ ಅದರಲ್ಲಿ ಸೇರುತ್ತದೆ. ಹೊಳೆ ಬದಿಯಲ್ಲಿ ಇದಿಲ್ಲದೆ ಇರಬೇಡಿ.

ಮೋರಿ ಎತ್ತರಿಸಿ ಕೊಡಿ ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಾಗಿದೆ, ಆ ರಸ್ತೆಯ ಉಳಿದ ಮನೆಯವರೂ ಸಹಿ ಹಾಕಿದ್ದಾರೆ. ಎಸ್ಟಿಮೇಟ್ ಮಾಡಬೇಕು ಅಂದಿದ್ದಾರೆ. ಅದು ಆಗಬಹುದು, ಎರಡು ಮಳೆಗಾಲ ತಡವಾಗಲೂಬಹುದು.

ನನಗೆ ಈಗ ಉಳಿದಿರುವ ಚಿಂತೆ ಕಾಲುದಾರಿಯದ್ದು. ಅದು ಕಾಕನ ಒಳ್ಳೆಯತನದಿಂದ ಸಿಕ್ಕಿದ ದಾರಿ. ಅವರ ಮಕ್ಕಳು ಊರಲ್ಲಿಲ್ಲ, ನಾಳೆ ತೋಟ ಮಾರಿದರೆ ಹೊಸಬರು ಬೇಲಿ ಹಾಕಬಹುದು. ಅಣ್ಣ ಸಂಕೋಚಪಡುತ್ತಿದ್ದ, ನಾನೇ ಕೇಳಿದೆ. ಮೂರು ಅಡಿ ಅಗಲ, ನಡೆದು ಹೋಗಲು ಮಾತ್ರ, ವಾಹನಕ್ಕಲ್ಲ, ದಾರಿ ಹಕ್ಕಿನ ಪತ್ರ ಮಾಡಿ ರಿಜಿಸ್ಟರ್ ಮಾಡಿಸೋಣವಾ ಅಂತ. ಕಾಕ ಸ್ವಲ್ಪ ಹೊತ್ತು ಯೋಚಿಸಿ, "ಮಗನಿಗೆ ಒಂದು ಮಾತು ಹೇಳ್ತೇನೆ, ಅವನು ರಜೆಯಲ್ಲಿ ಬಂದಾಗ ಮಾಡುವ" ಅಂದರು. ನಕ್ಷೆ ಮಾಡಲು ಸರ್ವೆಯವರನ್ನು ಕೇಳಿ ಇಟ್ಟಿದ್ದೇವೆ, ಅದರ ಖರ್ಚು, ನೋಂದಣಿ ಖರ್ಚು ಎಲ್ಲ ಅಣ್ಣನದೇ. ಮುಂದಿನ ಮಳೆಗಾಲಕ್ಕೆ ಮೊದಲು ಆಗಬೇಕು.